ಒಪ್ಪಿ ಬಂದವರ ದುಡಿಮೆಯೂ ಜೀತವಾಗುತ್ತದೆಯೇ?

ಪ್ರಶ್ನೆ: ನಮ್ಮೂರಿನ ಹತ್ತಿರದ ಇಟ್ಟಿಗೆ ಗೂಡಿನಲ್ಲಿ ಹೊರರಾಜ್ಯದ ಕೆಲವು ಕುಟುಂಬಗಳು ದುಡಿಯುತ್ತಿವೆ. ಮೇಸ್ತ್ರಿ ಕೊಟ್ಟ ಮುಂಗಡ ತೀರುವವರೆಗೆ ಅವರು ಕೆಲಸ ಬಿಡುವಂತಿಲ್ಲ. ಹಬ್ಬಕ್ಕೆ ಊರಿಗೆ ಹೊರಟರೂ ಮನೆಯವರಲ್ಲಿ ಒಬ್ಬರನ್ನು ಇಲ್ಲೇ ಬಿಟ್ಟು ಹೋಗಬೇಕು. ಕೇಳಿದರೆ, ‘ಅವರೇ ಒಪ್ಪಿ ಹಣ ಪಡೆದಿದ್ದಾರೆ’ ಎನ್ನುತ್ತಾರೆ ಮಾಲೀಕರು. ಇದು ಜೀತವೇ? ಅಂತರರಾಷ್ಟ್ರೀಯ ಒಪ್ಪಂದಗಳಿಂದ ಇಂಥವರಿಗೆ ಪ್ರಯೋಜನವುಂಟೇ?
– ಓದುಗರೊಬ್ಬರು, ಬೆಂಗಳೂರು ಗ್ರಾಮಾಂತರ ಜಿಲ್ಲೆ

ಉತ್ತರ: ನೀವು ಬರೆದಂತೆಯೇ ಇದ್ದರೆ, ಇದು ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ, ಮುಂಗಡದ ಕಾರಣಕ್ಕೆ ಒಬ್ಬ ವ್ಯಕ್ತಿ ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಪಡೆದು ದುಡಿಯುವುದು, ಬೇರೆ ಕೆಲಸ ಹುಡುಕುವ ಸ್ವಾತಂತ್ರ್ಯ ಕಳೆದುಕೊಳ್ಳುವುದು, ದೇಶದಲ್ಲಿ ಎಲ್ಲೆಂದರಲ್ಲಿ ಓಡಾಡುವ ಹಕ್ಕು ಕಳೆದುಕೊಳ್ಳುವುದು, ಇವುಗಳಲ್ಲಿ ಯಾವುದೊಂದಿದ್ದರೂ ಸಾಕು. ಕಾಲಿಗೆ ಸರಪಳಿ ಇರಬೇಕಾಗಿಲ್ಲ.

ಒಪ್ಪಿಗೆಯ ವಾದಕ್ಕೆ ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಹಸಿವು ಮತ್ತು ಬಡತನದಿಂದ ಬೇರೆ ದಾರಿ ಕಾಣದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದು ಕೂಡ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೆಂದು ಅದು ಹೇಳಿತು. ಮರುವರ್ಷ, ಫರೀದಾಬಾದ್ ಕಲ್ಲುಕ್ವಾರಿಗಳ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ದುಡಿಮೆ ಬಲವಂತದ್ದೆಂದು ಕಂಡುಬಂದರೆ ಅದು ಮುಂಗಡಕ್ಕಾಗಿಯೇ ನಡೆದಿದೆಯೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು. ಓದುಬರಹ ಬಾರದ ಕೂಲಿಯವರ ಬಳಿ ಸಾಲಪತ್ರ ಕೇಳುವ ಅಧಿಕಾರಿಗಳು ಈ ಮಾತನ್ನು ಮರೆಯಬಾರದು.

ಬಲವಂತದ ದುಡಿಮೆಯನ್ನು ತಡೆಯುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಎರಡು ಒಡಂಬಡಿಕೆಗಳಲ್ಲಿ 1930ರ 29ನೇ ಒಡಂಬಡಿಕೆಯನ್ನು ಭಾರತ 1954ರಲ್ಲಿ, 1957ರ 105ನೇ ಒಡಂಬಡಿಕೆಯನ್ನು 2000ದಲ್ಲಿ ಅನುಮೋದಿಸಿದೆ. ಶಿಕ್ಷೆಯ ಬೆದರಿಕೆಯಿಂದ, ಸ್ವಇಚ್ಛೆಯಿಲ್ಲದೆ ಮಾಡಿಸಿದ ಕೆಲಸವೆಲ್ಲ ಬಲವಂತದ ದುಡಿಮೆ ಎನ್ನುತ್ತದೆ ಮೊದಲನೆಯದು. ಬರುವಾಗ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲಾಗದಿದ್ದರೆ ಅದನ್ನು ಸ್ವಇಚ್ಛೆ ಎನ್ನಲಾಗದು. ಒಬ್ಬರನ್ನು ಒತ್ತೆಯಿಟ್ಟು ಊರಿಗೆ ಹೋಗುವ ಸ್ಥಿತಿ ಇದಕ್ಕೆ ಸ್ಪಷ್ಟ ಸಾಕ್ಷಿ. ಶಿಕ್ಷೆ ನಿಜಕ್ಕೂ ಸಾಕಷ್ಟಿರಬೇಕು, ಕಟ್ಟುನಿಟ್ಟಾಗಿ ಜಾರಿಯಾಗಬೇಕು ಎಂಬುದೂ ಅದೇ ಒಡಂಬಡಿಕೆಯ ಷರತ್ತು. ನಮ್ಮ ಕಾಯ್ದೆಯಲ್ಲಿರುವುದು ಗರಿಷ್ಠ ಮೂರು ವರ್ಷ ಸೆರೆ ಮತ್ತು 2,000 ರೂಪಾಯಿ ದಂಡ. ಒಂದು ಕುಟುಂಬದ ವರ್ಷಗಟ್ಟಲೆ ದುಡಿಮೆಯನ್ನು ಕಸಿದವರಿಗೆ ಈ ದಂಡ ಯಾವ ಲೆಕ್ಕಕ್ಕೂ ಇಲ್ಲ. ಇದನ್ನು ತಿದ್ದದಿರುವುದು ನಾವು ಒಪ್ಪಿಕೊಂಡ ಹೊಣೆಯನ್ನು ಕಡೆಗಣಿಸಿದಂತೆಯೇ ಎಂದು ನಾನು ನಂಬುತ್ತೇನೆ.

ನೀವು ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಡಿ. ವಿಚಾರಣೆ ಮೇಸ್ತ್ರಿ, ಮಾಲೀಕರ ಎದುರಿನಲ್ಲಿ ನಡೆಯದಂತೆ, ಕಾರ್ಮಿಕರ ಭಾಷೆ ಬಲ್ಲವರೊಬ್ಬರು ಜೊತೆಗಿರುವಂತೆ ಒತ್ತಾಯಿಸಿ. ಭಯದಲ್ಲಿ ಕೊಟ್ಟ ಹೇಳಿಕೆಯಿಂದಲೇ ಎಷ್ಟೋ ಪ್ರಕರಣಗಳು ಬಿದ್ದುಹೋಗುತ್ತವೆ. ಜೀತವೆಂದು ಖಚಿತವಾದರೆ ಪ್ರತಿಯೊಬ್ಬರಿಗೂ ಬಿಡುಗಡೆ ಪತ್ರ (ಜೀತದಿಂದ ಮುಕ್ತರೆಂಬ ಅಧಿಕೃತ ಪ್ರಮಾಣಪತ್ರ) ಸಿಗಬೇಕು. ಸಾಲ ಕಾನೂನಿನಂತೆ ಅಲ್ಲಿಗೇ ಮುಗಿದಂತೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ ರೂಪಾಯಿಗಳ ನೆರವಿದೆ. ಅಂತಿಮ ಪಾವತಿ ಮೊಕದ್ದಮೆಯ ತೀರ್ಮಾನಕ್ಕೆ ಕಾಯುತ್ತದಾದರೂ ತಕ್ಷಣದ ನೆರವು ಅದಕ್ಕೆ ಕಾಯಬೇಕಾಗಿಲ್ಲ. ಪತ್ರವಿಲ್ಲದೆ ಬಸ್ಸು ಹತ್ತಿಸಿ ಊರಿಗೆ ಕಳಿಸಿಬಿಟ್ಟರೆ ಈ ಯಾವುದೂ ಅವರಿಗೆ ದಕ್ಕುವುದಿಲ್ಲ. ಆದ್ದರಿಂದ ಪತ್ರ ಅವರ ಕೈಸೇರುವವರೆಗೆ ಬೆನ್ನುಬಿಡಬೇಡಿ.