ಸೋಂಕು ತಗುಲಿಸದ ಹುಳುಗಳನ್ನೂ ಒಮ್ಮೆ ನೋಡಿ
ಸೂಡೋಮೊನಾಸ್ ಎಂಬ ರೋಗಕಾರಕ ಬ್ಯಾಕ್ಟೀರಿಯ ಹರಡಿದ ತಟ್ಟೆಯಲ್ಲಿ ಬೇಗ ಸಾಯುವ ರೂಪಾಂತರಿ ಸಿ. ಎಲಿಗನ್ಸ್ (ಪುಟ್ಟ ದುಂಡುಹುಳು) ಹುಳುಗಳನ್ನು ಹುಡುಕಿ, ರೋಗನಿರೋಧಕ ಶಕ್ತಿಯ ಜೀನ್‌ಗಳನ್ನು ಪತ್ತೆಮಾಡಲು ಹೊರಟಿದ್ದೀರಿ; ಆದರೆ ರೂಪಾಂತರವಿಲ್ಲದ ಎನ್‌2 ತಳಿಯ ಹುಳುಗಳೂ ಮರುದಿನವೇ ಸಾಯುತ್ತಿವೆ ಎಂದಿದ್ದೀರಿ. ಇದಕ್ಕೆ, ಏಪ್ರಿಲ್‌ನಲ್ಲಿ ದಾವಣಗೆರೆಯ ಪ್ರಯೋಗಾಲಯದ ಮೇಜಿನ ಮೇಲೆಯೇ ತಟ್ಟೆಗಳನ್ನು ಇಟ್ಟಿದ್ದೀರೆಂದ ಮೇಲೆ, ಸೋಂಕಿಗಿಂತ ಸೆಕೆಯೇ ಕಾರಣವಿರಬೇಕು. ಕೊಠಡಿಯ ಉಷ್ಣಾಂಶವನ್ನು ನೀವು ತಿಳಿಸಿಲ್ಲವಾದ್ದರಿಂದ ಇದು ಊಹೆ. ಅದೇ ಮೇಜಿನ ಮೇಲೆ ಓಪಿ50 (ಹುಳುಗಳಿಗೆ ಆಹಾರವಾಗಿ ಕೊಡುವ ಇ. ಕೋಲಿ ಬ್ಯಾಕ್ಟೀರಿಯ) ಮಾತ್ರ ಇರುವ ತಟ್ಟೆಯೊಂದನ್ನು ಇಡಿ. ಅಲ್ಲಿಯೂ ಹುಳುಗಳು ಸತ್ತರೆ ರೋಗಾಣುವಿನ ತಪ್ಪಿಲ್ಲ.

ಬಳಿಕ ಹುಳುಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿ, ಸೋಂಕಿನ ಪರೀಕ್ಷೆಯನ್ನು ತಂಪನ್ನೂ ಮಾಡಬಲ್ಲ ಬಿಓಡಿ ಇನ್‌ಕ್ಯುಬೇಟರಿನಲ್ಲಿ 25 ಡಿಗ್ರಿಯಲ್ಲಿ ನಡೆಸಿ. ಬಿಸಿ ಮಾತ್ರ ಮಾಡುವ ಪೆಟ್ಟಿಗೆ ನಮ್ಮ ಬೇಸಿಗೆಗೆ ಪ್ರಯೋಜನವಿಲ್ಲ. ಪ್ರತಿ ಸಲವೂ, ರೋಗನಿರೋಧಕ ಶಕ್ತಿಗೆ ಬೇಕಾದ ಪಿಎಂಕೆ-1 ಜೀನ್ ಕೆಲಸ ಮಾಡದ ತಳಿಯನ್ನು ಜೊತೆಗಿಡಿ. ಅದು ಎನ್‌2ಗಿಂತ ಸ್ಪಷ್ಟವಾಗಿ ಮೊದಲು ಸಾಯದಿದ್ದರೆ ಆ ಸಲದ ಫಲಿತಾಂಶವನ್ನು ನಂಬಬೇಡಿ. 2002ರಲ್ಲಿ ಪ್ರಕಟವಾದ ಇಂಥದೇ ಶೋಧದಲ್ಲಿ ಸಿಕ್ಕ ಎಸ್‌ಇಕೆ-1, ಎನ್‌ಎಸ್‌ವೈ-1 ಜೀನ್‌ಗಳೂ ಇದೇ ಸಂಕೇತ ಸರಪಳಿಯವು.

ಸತ್ತ ಹುಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ: ತಾಯಿಯ ಒಡಲೊಳಗೆ ಮರಿಗಳು ಹೊರಳಾಡುತ್ತಿದ್ದರೆ, ಮೊಟ್ಟೆಗಳು ಒಳಗೇ ಒಡೆದದ್ದರಿಂದ ಆದ ಸಾವು ಅದು; ಸೋಂಕಿನ ಸಾವುಗಳ ಲೆಕ್ಕದಲ್ಲಿ ಸೇರಿಸಬೇಡಿ. ಬೇಗ ಸಾಯುವ ರೂಪಾಂತರಿಗಳನ್ನು ಅಂಚಿನವರೆಗೂ ಬ್ಯಾಕ್ಟೀರಿಯ ಹರಡಿದ ತಟ್ಟೆಯಲ್ಲಿ ಎನ್‌2 ಜೊತೆಗೆ ಮತ್ತೊಮ್ಮೆ ಪರೀಕ್ಷಿಸಿ. ಏಕೆಂದರೆ ನಡುವೆ ಮಾತ್ರ ಬ್ಯಾಕ್ಟೀರಿಯ ಇರುವ ತಟ್ಟೆಯಲ್ಲಿ ರೋಗಾಣುವಿನಿಂದ ದೂರ ಸರಿಯದ ಹುಳು, ಅದರ ರೋಗನಿರೋಧಕ ಶಕ್ತಿ ಸರಿಯಿದ್ದರೂ, ಬೇಗ ಸಾಯಬಹುದು.