ಮೂರ್ಛೆ ರೋಗದ ಬಗ್ಗೆ ನರರೋಗ ತಜ್ಞರು ಮಾಡುವ ಸಂಶೋಧನೆ ಯಾರಿಗೆ ಉಪಯೋಗ?

ಮನೆಯಲ್ಲಿ ರೋಗಿ ಇರುವವರಿಗೆ ತಜ್ಞರು ಪ್ರಕಟಿಸುವ ಸಂಶೋಧನಾ ಪ್ರಬಂಧಗಳ ಸಂಖ್ಯೆಯಿಂದ ಏನು ಲಾಭ ಎಂದು ಕೇಳಿದ್ದೀರಿ. ನಮ್ಮ ಮುಂಬೈಯಲ್ಲೇ ಒಳ್ಳೆಯ ಉದಾಹರಣೆ ಇದೆ, ನರರೋಗ ತಜ್ಞ ಡಾ. ನಾದಿರ್ ಭರೂಚಾ.

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಈ ಕಾಯಿಲೆಯ ಪೂರ್ತಿ ಲೆಕ್ಕ ಸಿಗುವುದಿಲ್ಲ. ಮದುವೆ ತಪ್ಪೀತು, ಕೆಲಸ ಹೋದೀತು ಅಂತ ಮುಚ್ಚಿಡುವವರು ಜಾಸ್ತಿ, ಅಲ್ವಾ? ಭರೂಚಾ ಅವರ ತಂಡ ಮುಂಬೈನ ಪಾರ್ಸಿ ಕಾಲೊನಿಗಳಲ್ಲಿ ಮನೆಮನೆಗೆ ಹೋಗಿ ಸುಮಾರು 14,000 ಜನರ ಸಮೀಕ್ಷೆ ನಡೆಸಿತು. ಮೊದಲು ಸರಳ ಪ್ರಶ್ನೆಗಳು. ಸಂಶಯ ಬಂದವರಿಗೆ ನರರೋಗ ತಜ್ಞರ ತಪಾಸಣೆ. 1988ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಕ್ರಿಯ ಮೂರ್ಛೆ ರೋಗ (ಇತ್ತೀಚೆಗೂ ಮೂರ್ಛೆ ಬಂದಿರುವುದು ಅಥವಾ ಚಿಕಿತ್ಸೆ ನಡೆಯುತ್ತಿರುವುದು) ಇದ್ದವರು 1,000ಕ್ಕೆ ಸುಮಾರು 3.6. ಭಾರತದಲ್ಲಿ ಈ ರೋಗ ಎಷ್ಟಿದೆ ಎಂದು ಬರೆಯುವವರು ಮತ್ತೆ ಮತ್ತೆ ಈ ಅಧ್ಯಯನವನ್ನು ಉಲ್ಲೇಖಿಸಿದ್ದಾರೆ. ಆದರೆ ಪಾರ್ಸಿಗಳು ನಗರದ ಚಿಕ್ಕ ಸಮುದಾಯ. ಅದೇ ಅಂಕಿಯನ್ನು ಹಳ್ಳಿಗೆ ಸುಮ್ನೆ ಹಚ್ಚಲಾಗದು.

ಹಳ್ಳಿಯ ಚಿತ್ರ ನಮ್ಮ ಕರ್ನಾಟಕದ ಯಳಂದೂರಿನಿಂದ ಸಿಕ್ಕಿತು. ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಅಲ್ಲಿ ಎಣಿಸುವುದಕ್ಕೇ ನಿಲ್ಲಲಿಲ್ಲ, ಚಿಕಿತ್ಸೆಯನ್ನೂ ಕೊಟ್ಟರು. ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲೂ ಅನೇಕರ ಮೂರ್ಛೆ ಹತೋಟಿಗೆ ಬರುತ್ತದೆ ಎಂದು 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದರು. ನನ್ನ ಮಟ್ಟಿಗೆ ದೊಡ್ಡ ಪರಿಣಾಮ ಅಂದರೆ ಇದೇ. ದುಬಾರಿ ಔಷಧಿ ಇಲ್ಲ ಎಂಬ ಕಾರಣಕ್ಕೆ ಬಡ ರೋಗಿಯನ್ನು ಕೈಬಿಡಬೇಕಿಲ್ಲ.

ನಿಮ್ಮ ಮನೆಯವರಿಗೆ ಒಂದು ಮಾತು: ಮೂರ್ಛೆ ಬರುವುದು ನಿಂತಿತು ಅಂತ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ.