2026ರ ಫಾರ್ಮುಲಾ ಒನ್ ಸೀಸನ್‌ಗೆ ಎಲ್ಲರೂ ಯಾಕೆ ಇಷ್ಟೊಂದು ಕಾಯುತ್ತಿದ್ದಾರೆ?

ಕಾರೂ ಹೊಸದು, ಎಂಜಿನ್ನೂ ಹೊಸದು, ಅದಕ್ಕೆ. ಎರಡರ ನಿಯಮವೂ ಒಟ್ಟಿಗೆ ಇಷ್ಟು ಬದಲಾಗುವುದು ಅಪರೂಪ. 2025ರಲ್ಲಿ ಚಾಲಕರಲ್ಲಿ ಲ್ಯಾಂಡೋ ನಾರಿಸ್, ತಂಡಗಳಲ್ಲಿ ಮೆಕ್ಲಾರೆನ್ ಚಾಂಪಿಯನ್ ಆದರು ಅಂತ ಈ ಸಲವೂ ಅವರೇ ಮುಂದಿರುತ್ತಾರೆ ಎಂದು ಹೇಳಲು ಬರುವುದಿಲ್ಲ.

ದೊಡ್ಡ ಬದಲಾವಣೆ ಇರುವುದು ಎಂಜಿನ್‌ನಲ್ಲಿ. ಎಲೆಕ್ಟ್ರಿಕ್ ಮೋಟಾರ್‌ನ ಶಕ್ತಿ 120 ಕಿಲೋವಾಟ್‌ನಿಂದ 350ಕ್ಕೆ ಏರುತ್ತದೆ. ಅಂದರೆ ಕಾರಿನ ಹೆಚ್ಚುಕಡಿಮೆ ಅರ್ಧ ಬಲ ಬ್ಯಾಟರಿಯದ್ದು. ಆದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅಲ್ವಾ? ಬ್ರೇಕ್ ಹಾಕುವಾಗ ಎಷ್ಟು ತುಂಬಿಸಿಕೊಳ್ಳಬೇಕು, ನೇರ ದಾರಿಯಲ್ಲಿ ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ಪ್ರತಿ ಲ್ಯಾಪ್‌ನಲ್ಲೂ ಲೆಕ್ಕ ಹಾಕಬೇಕು. ನನಗಂತೂ ಜಾಸ್ತಿ ಕುತೂಹಲ ಇರುವುದು ಇದರ ಮೇಲೆಯೇ.

ಡಿಆರ್‌ಎಸ್, ಅಂದರೆ ಮುಂದಿನ ಕಾರಿಗೆ ಹತ್ತಿರವಿದ್ದವರು ಹಿಂದಿನ ರೆಕ್ಕೆ ತೆರೆದು ವೇಗ ಪಡೆಯುವ ವ್ಯವಸ್ಥೆ, ಹೋಯಿತು. ಈಗ ಮುಂದಿನ, ಹಿಂದಿನ ರೆಕ್ಕೆಗಳೆರಡೂ ಗಾಳಿಯ ತಡೆ ಕಡಿಮೆ ಮಾಡಲು ನೇರ ದಾರಿಯಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತವೆ. ಮುಂದಿನ ಕಾರಿಗೆ ಒಂದು ಸೆಕೆಂಡಿನಷ್ಟು ಹತ್ತಿರ ಬಂದವರಿಗೆ ಹೆಚ್ಚುವರಿ ಎಲೆಕ್ಟ್ರಿಕ್ ಬಲ ಸಿಗುತ್ತದೆ. ಕಾರು 10 ಸೆಂಟಿಮೀಟರ್ ಕಿರಿದಾಗಿದೆ, ತೂಕವೂ ಇಳಿದಿದೆ.

ಒಂದು ಭಯವೂ ಇದೆ. 2014ರಲ್ಲಿ ಹೈಬ್ರಿಡ್ ಎಂಜಿನ್ ಬಂದಾಗ 19 ರೇಸ್‌ಗಳಲ್ಲಿ 16 ಮರ್ಸಿಡಿಸ್ ಪಾಲಾಯಿತು. ಹಾಗೆ ಆಗದಿರಲಿ ಎಂದೇ ನನ್ನ ಆಸೆ.

ತಂಡಗಳು ಈಗ 11. ಸೌಬರ್ ಜಾಗಕ್ಕೆ ಆಡಿ ಬಂದಿದೆ, ಕ್ಯಾಡಿಲಾಕ್ ಪೂರ್ತಿ ಹೊಸದು. ಆಸ್ಟನ್ ಮಾರ್ಟಿನ್‌ಗೆ ಹೋಂಡಾ ಎಂಜಿನ್, ಜೊತೆಗೆ ಹೆಸರಾಂತ ಕಾರು ವಿನ್ಯಾಸಕ ಏಡ್ರಿಯನ್ ನ್ಯೂಯಿ ವಿನ್ಯಾಸ.

ಸೀಸನ್‌ಗೆ ಮುಂಚಿನ ಟೆಸ್ಟಿಂಗ್‌ನಲ್ಲಿ ಬರುವ ಲ್ಯಾಪ್ ಟೈಮ್ ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡಿ. ಯಾರು ಎಷ್ಟು ಇಂಧನ ತುಂಬಿಕೊಂಡು ಓಡಿಸುತ್ತಿದ್ದಾರೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಮಾರ್ಚ್‌ನಲ್ಲಿ ಮೊದಲ ರೇಸ್ ನಡೆಯುವ ಮೆಲ್ಬರ್ನ್‌ನ ಕ್ವಾಲಿಫೈಯಿಂಗ್ (ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಎಂದು ನಿರ್ಧರಿಸುವ ಸುತ್ತು) ತನಕ ಕಾಯಿರಿ.